ಹೋಟೆಲ್ ಸ್ಥಿರಾಸ್ತಿಯಲ್ಲಿ ಹೂಡಿಕೆ: ಹಿಂಜರಿತ ಮತ್ತು ಚೇತರಿಕೆಯ ಕಾಲದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮಾತಿನಲ್ಲಿ ಹೋಟೆಲ್ ಎಂದರೆ ಮೊದಲು ನೆನಪಾಗುವುದು ಊಟ-ತಿಂಡಿಯ ಜಾಗ. ಈ ಬರಹದಲ್ಲಿ ಆ ಪದವನ್ನು ತಂಗುವ ಕೊಠಡಿಗಳಿರುವ ಕಟ್ಟಡ ಮತ್ತು ಅದರೊಳಗೆ ನಡೆಯುವ ವ್ಯವಹಾರ ಎಂಬ ಅರ್ಥದಲ್ಲಿ ಮಾತ್ರ ಬಳಸಲಾಗಿದೆ. ಉದಾಹರಣೆಯ ಲೆಕ್ಕಗಳಲ್ಲಿ ಯಾವುದೇ ದೇಶದ ನಾಣ್ಯವನ್ನು ಬಳಸದೆ, ಒಳ್ಳೆಯ ವರ್ಷವೊಂದರ ಒಟ್ಟು ಆದಾಯವನ್ನು 100 ಎಂದು ಇಟ್ಟುಕೊಳ್ಳಲಾಗಿದೆ.

ಕಚೇರಿ ಕಟ್ಟಡ ಅಥವಾ ವಸತಿ ಸಮುಚ್ಚಯಕ್ಕಿಂತ ಹೋಟೆಲ್ ಆಸ್ತಿ ಯಾವ ರೀತಿಯಲ್ಲಿ ಬೇರೆ?

ಬಾಡಿಗೆ ಕರಾರಿನ ಅವಧಿಯಲ್ಲಿ. ಕಚೇರಿಯ ಬಾಡಿಗೆದಾರರು ಐದು, ಹತ್ತು ವರ್ಷಗಳಿಗೆ ಸಹಿ ಹಾಕಿರುತ್ತಾರೆ. ಆರ್ಥಿಕ ಸ್ಥಿತಿ ಕೆಟ್ಟರೂ ಕರಾರು ಮುಗಿಯುವ ತನಕ ಬಾಡಿಗೆ ಬರುತ್ತಿರುತ್ತದೆ. ಹೋಟೆಲಿನ ಬಾಡಿಗೆದಾರ ಒಂದು ರಾತ್ರಿಯ ಅತಿಥಿ. ಅವನು ಮರುದಿನ ಬೆಳಿಗ್ಗೆ ಹೊರಟುಹೋಗುತ್ತಾನೆ, ಆ ಕೊಠಡಿಯನ್ನು ಮತ್ತೆ ಹೊಸದಾಗಿ ಮಾರಬೇಕಾಗುತ್ತದೆ, ಮಾರಾಟವಾಗದೆ ಉಳಿದ ರಾತ್ರಿಯನ್ನು ಕೂಡಿಟ್ಟು ಮುಂದೆಂದೋ ಮಾರುವ ದಾರಿಯೂ ಇಲ್ಲ. ಆದ್ದರಿಂದಲೇ ಹಿಂಜರಿತದ ಪೆಟ್ಟು ಬೇರೆಲ್ಲ ಕಟ್ಟಡಗಳಿಗಿಂತ ಮೊದಲು ಹೋಟೆಲಿಗೆ ಬೀಳುತ್ತದೆ. ಚೇತರಿಕೆ ಶುರುವಾದಾಗ ದರವನ್ನು ಆ ದಿನವೇ ಏರಿಸುವ ಸ್ವಾತಂತ್ರ್ಯವೂ ಇದೇ ಕಾರಣದಿಂದ ಸಿಗುತ್ತದೆ.

ಇನ್ನೊಂದು ವ್ಯತ್ಯಾಸವನ್ನು ಹೊಸ ಹೂಡಿಕೆದಾರರು ಹೆಚ್ಚಾಗಿ ಗಮನಿಸುವುದಿಲ್ಲ. ಹೋಟೆಲ್ ಕೊಂಡವನು ಕಟ್ಟಡದ ಜೊತೆಗೆ ದಿನದ 24 ಗಂಟೆಯೂ ನಡೆಯುವ, ನೂರಾರು ಜನರಿಗೆ ಸಂಬಳ ಕೊಡಬೇಕಾದ ಒಂದು ವ್ಯಾಪಾರವನ್ನೂ ಕೊಂಡಿರುತ್ತಾನೆ. ಬಾಗಿಲು ಮುಚ್ಚಿದರೂ ಅದರ ಖರ್ಚು ನಿಲ್ಲುವುದಿಲ್ಲ.

ಹೋಟೆಲಿನ ಸ್ಥಿತಿಯನ್ನು ಅಳೆಯಲು ಯಾವ ಅಂಕಿಗಳನ್ನು ನೋಡಬೇಕು?

ಮುಖ್ಯವಾಗಿ ಮೂರು: ಲಭ್ಯವಿರುವ ಕೊಠಡಿಗಳಲ್ಲಿ ಎಷ್ಟು ಪಾಲು ಮಾರಾಟವಾಯಿತು ಎಂಬ ಆಕ್ಯುಪೆನ್ಸಿ, ಮಾರಾಟವಾದ ಕೊಠಡಿಗೆ ಸರಾಸರಿ ಎಷ್ಟು ದರ ಸಿಕ್ಕಿತು ಎಂಬುದು, ಮತ್ತು ಇವೆರಡನ್ನೂ ಗುಣಿಸಿದಾಗ ಸಿಗುವ, ಲಭ್ಯವಿರುವ ಪ್ರತಿ ಕೊಠಡಿಯ ಆದಾಯ. ಕೊನೆಯದನ್ನು ಉದ್ಯಮದವರು ರೆವ್‌ಪಾರ್ ಎನ್ನುತ್ತಾರೆ. ಇದು ಸುದ್ದಿಯಲ್ಲಿ ಹೆಚ್ಚು ಕಾಣುವ ಅಂಕಿ. ಆದರೆ ರೆವ್‌ಪಾರ್ ಆದಾಯದ ಅಳತೆಯೇ ಹೊರತು ಲಾಭದ ಅಳತೆಯಲ್ಲ. ಸಾಲದ ಕಂತು ಕಟ್ಟುವುದು ಲಾಭದಿಂದ.

ಆದಾಯ ಐದನೇ ಒಂದು ಪಾಲು ಇಳಿದರೆ ಲಾಭ ಅರ್ಧಕ್ಕೆ ಇಳಿಯುತ್ತದೆ ಎನ್ನುತ್ತಾರೆ. ಅದು ಹೇಗೆ?

ಒಳ್ಳೆಯ ವರ್ಷದಲ್ಲಿ ಆದಾಯ 100 ಎಂದಿಟ್ಟುಕೊಳ್ಳಿ. ಅತಿಥಿಗಳು ಬಂದರೂ ಬಾರದಿದ್ದರೂ ಆಗುವ ಸ್ಥಿರ ವೆಚ್ಚ (ಕಾಯಂ ಸಿಬ್ಬಂದಿ, ಆಸ್ತಿ ತೆರಿಗೆ, ವಿಮೆ, ಕನಿಷ್ಠ ವಿದ್ಯುತ್, ದುರಸ್ತಿ) 45. ಅತಿಥಿಗಳ ಸಂಖ್ಯೆಯೊಂದಿಗೆ ಏರಿಳಿಯುವ ವೆಚ್ಚ (ಬಟ್ಟೆ ಒಗೆತ, ಉಪಾಹಾರ, ಬುಕಿಂಗ್ ಕಮಿಷನ್, ಶುಚಿ ಸಾಮಗ್ರಿ) 25. ಉಳಿಯುವ ಲಾಭ 30. ಈಗ ಅತಿಥಿಗಳು ಕಡಿಮೆಯಾಗಿ ಆದಾಯ 80ಕ್ಕೆ ಇಳಿದರೆ ಏರಿಳಿಯುವ ವೆಚ್ಚವೂ ಅದೇ ಪ್ರಮಾಣದಲ್ಲಿ 20ಕ್ಕೆ ಇಳಿಯುತ್ತದೆ, ಸ್ಥಿರ ವೆಚ್ಚ ಮಾತ್ರ 45ರಲ್ಲೇ ನಿಲ್ಲುತ್ತದೆ. ಲಾಭ 15. ಆದಾಯ ಶೇ. 20 ಇಳಿಯಿತು, ಲಾಭ ಶೇ. 50 ಇಳಿಯಿತು.

ಮೇಲೇರುವಾಗಲೂ ಇದೇ ಲೆಕ್ಕ ನಡೆಯುತ್ತದೆ. ಆದಾಯ 80ರಿಂದ 100ಕ್ಕೆ, ಅಂದರೆ ಕಾಲು ಭಾಗದಷ್ಟು ಏರಿದರೆ ಲಾಭ ಇಮ್ಮಡಿಯಾಗುತ್ತದೆ. ಹೋಟೆಲ್ ಹೂಡಿಕೆಯ ಆಕರ್ಷಣೆಯೂ ಅಪಾಯವೂ ಈ ಒಂದೇ ಗುಣದಿಂದ ಬರುತ್ತವೆ.

ಹಿಂಜರಿತದಲ್ಲಿ ದರ ಇಳಿಸಿ ಕೊಠಡಿಗಳನ್ನು ತುಂಬಿಸುವುದು ಜಾಣತನವಲ್ಲವೇ?

ಹೆಚ್ಚಿನ ಸಂದರ್ಭಗಳಲ್ಲಿ ಅಲ್ಲ. ಮೇಲಿನ ಹೋಟೆಲಿನಲ್ಲೇ ಅತಿಥಿಗಳ ಸಂಖ್ಯೆ ಹಾಗೆಯೇ ಉಳಿದು, ದರ ಇಳಿಸಿದ್ದರಿಂದ ಮಾತ್ರ ಆದಾಯ 80ಕ್ಕೆ ಬಂದಿತು ಎಂದುಕೊಳ್ಳಿ. ಬಟ್ಟೆ ಒಗೆಯುವುದೂ ಉಪಾಹಾರವೂ ಅಷ್ಟೇ ಜನರಿಗೆ, ಆದ್ದರಿಂದ ಏರಿಳಿಯುವ ವೆಚ್ಚ 25ರಲ್ಲೇ ಉಳಿಯುತ್ತದೆ. ಲಾಭ 15 ಅಲ್ಲ, 10. ತುಂಬಿದ ಹೋಟೆಲ್ ನೋಡಲು ಚೆನ್ನಾಗಿರುತ್ತದೆ. ಲೆಕ್ಕದ ಪುಸ್ತಕ ಬೇರೆಯೇ ಹೇಳುತ್ತದೆ.

ಬೀದಿಯ ಒಂದು ಹೋಟೆಲ್ ದರ ಇಳಿಸಿದರೆ ಪಕ್ಕದವರೂ ವಾರದೊಳಗೆ ಇಳಿಸುತ್ತಾರೆ. ಪ್ರಯಾಣವನ್ನೇ ರದ್ದು ಮಾಡಿದವರನ್ನು ಅಗ್ಗದ ಕೊಠಡಿ ಹೊರಡಿಸುವುದಿಲ್ಲ. ಹಾಗಾಗಿ ಇಡೀ ಮಾರುಕಟ್ಟೆಗೆ ಹೊಸ ಅತಿಥಿಗಳು ಅಷ್ಟಾಗಿ ಸಿಗದೆ, ಇರುವವರೇ ಕಡಿಮೆ ಹಣ ಕೊಡುತ್ತಾರೆ. ಇಳಿಸಿದ ದರವನ್ನು ಮತ್ತೆ ಏರಿಸುವುದು ಇನ್ನೂ ಕಷ್ಟ, ಏಕೆಂದರೆ ಕಂಪನಿಗಳೊಂದಿಗಿನ ವಾರ್ಷಿಕ ದರದ ಮಾತುಕತೆ ಹಿಂದಿನ ವರ್ಷದ ದರದಿಂದಲೇ ಆರಂಭವಾಗುತ್ತದೆ. ಸಾಮಾನ್ಯವಾಗಿ ಚೇತರಿಕೆಯಲ್ಲಿ ಮೊದಲು ಕೊಠಡಿಗಳು ತುಂಬುತ್ತವೆ, ದರ ಆಮೇಲೆ ಏರುತ್ತದೆ. ಲಾಭ ದೊಡ್ಡದಾಗುವುದು ಈ ಎರಡನೆಯ ಹಂತದಲ್ಲಿ.

ಎಲ್ಲ ಹಿಂಜರಿತಗಳೂ ಒಂದೇ ಬಗೆಯವೇ?

ಅಲ್ಲ. ಹೂಡಿಕೆದಾರನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು, ಏಕೆಂದರೆ ಕಾಯಿಲೆ ಯಾವುದು ಎಂಬುದರ ಮೇಲೆ ವಾಸಿಯಾಗುವ ಕಾಲ ನಿಂತಿದೆ.

ಮೊದಲನೆಯದು ಬೇಡಿಕೆ ಹಠಾತ್ತಾಗಿ ನಿಂತುಹೋಗುವುದು. 2003ರಲ್ಲಿ ಸಾರ್ಸ್ ಹರಡಿದಾಗ ಹಾಂಗ್‌ಕಾಂಗ್‌ನ ಹೋಟೆಲುಗಳ ಆಕ್ಯುಪೆನ್ಸಿ ಶೇ. 20ಕ್ಕಿಂತ ಕೆಳಗೆ ಬಿದ್ದಿತ್ತು. ರೋಗ ಹತೋಟಿಗೆ ಬಂದ ಮೇಲೆ ಅದೇ ವರ್ಷದ ಕೊನೆಯ ಹೊತ್ತಿಗೆ ಬಹುಪಾಲು ಮರಳಿ ಬಂತು. ಇಂಥ ಕುಸಿತ ಆಳವಾಗಿ ಕಂಡರೂ ಬೇರಿನಲ್ಲಿ ದೋಷವಿರುವುದಿಲ್ಲ.

ಎರಡನೆಯದು ಸಾಲದ ಬಿಕ್ಕಟ್ಟು. 2009ರಲ್ಲಿ ಅಮೆರಿಕದ ಹೋಟೆಲುಗಳ ರೆವ್‌ಪಾರ್ ಸುಮಾರು ಶೇ. 17ರಷ್ಟು ಇಳಿಯಿತು. ಕೋವಿಡ್ ಬಂದ 2020ಕ್ಕೆ ಹೋಲಿಸಿದರೆ ಈ ಅಂಕಿ ಸಣ್ಣದಾಗಿ ಕಾಣುತ್ತದೆ, ಏಕೆಂದರೆ 2020ರಲ್ಲಿ ಅದು ಸುಮಾರು ಅರ್ಧಕ್ಕೆ ಇಳಿದು, ವರ್ಷದ ಸರಾಸರಿ ಆಕ್ಯುಪೆನ್ಸಿ ಶೇ. 44ರ ಆಸುಪಾಸಿಗೆ ಬಂದಿತ್ತು. ಆದರೂ 2009ರಲ್ಲಿ ಮಾಲೀಕರು ಆಸ್ತಿ ಕಳೆದುಕೊಂಡದ್ದು ಹೆಚ್ಚು ನಿರ್ದಯವಾಗಿತ್ತು: ಸಾಲ ಕೊಡುವವರೇ ಮಾರುಕಟ್ಟೆಯಿಂದ ಮಾಯವಾಗಿದ್ದರಿಂದ ಅವಧಿ ಮುಗಿದ ಸಾಲಕ್ಕೆ ಬದಲಿ ಸಾಲ ಸಿಗಲಿಲ್ಲ. 2020ರಲ್ಲಿ ಬಡ್ಡಿ ಕಡಿಮೆಯಿತ್ತು, ಸರ್ಕಾರಗಳು ಹಣ ಹರಿಸಿದವು, ಬಹಳಷ್ಟು ಸಾಲಗಾರರಿಗೆ ಕಂತು ಮುಂದೂಡಲು ಅವಕಾಶ ಸಿಕ್ಕಿತು. ಅಮೆರಿಕದ ರೆವ್‌ಪಾರ್ 2022ಕ್ಕೇ 2019ರ ಮಟ್ಟವನ್ನು ದಾಟಿತು, ಹಣದುಬ್ಬರವನ್ನು ಕಳೆಯದೆ ನೋಡಿದರೆ.

ಮೂರನೆಯದು, ಬೇಕಾದ್ದಕ್ಕಿಂತ ಹೆಚ್ಚು ಹೋಟೆಲ್ ಕಟ್ಟಿಕೊಂಡ ಹಿಂಜರಿತ. ಇದು ಎಲ್ಲಕ್ಕಿಂತ ನಿಧಾನವಾಗಿ ವಾಸಿಯಾಗುತ್ತದೆ. ಅಮೆರಿಕದಲ್ಲಿ 1981ರ ತೆರಿಗೆ ಕಾನೂನು ಕಟ್ಟಡಗಳ ಸವಕಳಿಯನ್ನು (ಹಳತಾದಂತೆ ಬೆಲೆಯಲ್ಲಿ ಆಗುವ ಇಳಿಕೆಯನ್ನು) ತೆರಿಗೆಯ ಲೆಕ್ಕದಲ್ಲಿ ಆದಾಯದಿಂದ ಬೇಗ ಬೇಗ ಕಳೆಯಲು ಅವಕಾಶ ಕೊಟ್ಟಿತು; ಅತಿಥಿಗಳಿಗಾಗಿ ಅಲ್ಲ, ತೆರಿಗೆ ಉಳಿಸಲೆಂದೇ ಹೋಟೆಲುಗಳು ಎದ್ದವು. 1986ರ ಕಾನೂನು ಆ ಅನುಕೂಲವನ್ನು ಕಿತ್ತುಕೊಂಡಿತು. 1990ರ ದಶಕದ ಆರಂಭದಲ್ಲಿ ಆರ್ಥಿಕ ಹಿಂಜರಿತವೂ ಸೇರಿದಾಗ ಉದ್ಯಮ ಒಟ್ಟಾರೆಯಾಗಿ ನಷ್ಟಕ್ಕಿಳಿಯಿತು. ಹೋಗಿಬಿಟ್ಟ ಅತಿಥಿ ಒಂದು ದಿನ ಮರಳಿ ಬರಬಹುದು, ಕಟ್ಟಿ ನಿಲ್ಲಿಸಿದ ಕೊಠಡಿ ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಎಷ್ಟು ಸಾಲ ಮಾಡಿ ಹೋಟೆಲ್ ಕೊಳ್ಳುವುದು ಸುರಕ್ಷಿತ?

ಅದೇ ಉದಾಹರಣೆಯನ್ನು ಮುಂದುವರಿಸೋಣ. ಲಾಭ 30. ಆಸ್ತಿಯ ಬೆಲೆಯ ಮೇಲೆ ವಾರ್ಷಿಕ ಶೇ. 8ರ ಪ್ರತಿಫಲವನ್ನು ಖರೀದಿದಾರರು ಬಯಸುತ್ತಾರಾದರೆ ಬೆಲೆ 375 ಆಗುತ್ತದೆ. ಇದರ ಶೇ. 60, ಅಂದರೆ 225ನ್ನು ಶೇ. 8ರ ಬಡ್ಡಿಗೆ ಸಾಲ ಪಡೆದರೆ ವರ್ಷದ ಬಡ್ಡಿ 18. ಒಳ್ಳೆಯ ವರ್ಷದಲ್ಲಿ 12 ಮಿಗುತ್ತದೆ. ಲಾಭ 15ಕ್ಕೆ ಇಳಿದ ವರ್ಷದಲ್ಲಿ 3 ಕೈಯಿಂದ ಹಾಕಬೇಕು.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಹಿಂಜರಿತದಲ್ಲಿ ಖರೀದಿದಾರರೂ ಭಯಗೊಂಡು ಶೇ. 10ರ ಪ್ರತಿಫಲ ಕೇಳುತ್ತಾರೆ; 15ರ ಲಾಭಕ್ಕೆ ಆಗ ಬೆಲೆ 150. ಸಾಲವೇ 225 ಇದೆ. ಕಾಗದದ ಮೇಲೆ ಮಾಲೀಕನ ಬಂಡವಾಳ ಅಳಿಸಿಹೋಯಿತು. ವಾಸ್ತವದಲ್ಲಿ ಬೆಲೆ ಇಷ್ಟು ಆಳಕ್ಕೆ ಇಳಿಯುವುದು ಅಪರೂಪ, ಏಕೆಂದರೆ ಕೊಳ್ಳುವವರು ಮುಂದಿನ ಚೇತರಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಮಾರಬೇಕಾದವರು ಮಾರದೆ ಕಾಯುತ್ತಾರೆ. ಆದರೆ ಸಾಲದ ಅವಧಿ ಅದೇ ವರ್ಷ ಮುಗಿಯುವಂತಿದ್ದರೆ ಕಾಯುವ ಹಕ್ಕು ಮಾಲೀಕನ ಕೈಯಲ್ಲಿ ಇರುವುದಿಲ್ಲ.

ಸಾಲವನ್ನು ಶೇ. 40ಕ್ಕೆ, ಅಂದರೆ 150ಕ್ಕೆ ನಿಲ್ಲಿಸಿದ್ದರೆ ಬಡ್ಡಿ 12. ಕೆಟ್ಟ ವರ್ಷದ 15ರ ಲಾಭದಲ್ಲೂ ಕಟ್ಟಬಹುದು. ಹಾಗಾಗಿ ಈ ಪ್ರಶ್ನೆಗೆ ಶೇಕಡಾವಾರಿನ ಉತ್ತರಕ್ಕಿಂತ ಒಂದು ಪರೀಕ್ಷೆಯೇ ಒಳ್ಳೆಯದು: ಲಾಭ ಅರ್ಧವಾದ ಎರಡು ವರ್ಷಗಳನ್ನು ಕಲ್ಪಿಸಿಕೊಂಡು, ಹೊಸ ಬಂಡವಾಳ ತಾರದೆ ಬಡ್ಡಿ ಕಟ್ಟಲು ಆಗುತ್ತದೆಯೇ ಎಂದು ನೋಡುವುದು. ನನ್ನ ಅಭಿಪ್ರಾಯದಲ್ಲಿ ಸಾಲದ ಪ್ರಮಾಣಕ್ಕಿಂತಲೂ ಅದರ ಅವಧಿ ಹೆಚ್ಚು ಮುಖ್ಯ. ದುಬಾರಿ ಬೆಲೆಗೆ ಕೊಂಡವರನ್ನು ದೀರ್ಘಾವಧಿ ಸಾಲ ಉಳಿಸಿದ್ದುಂಟು. ಅಗ್ಗಕ್ಕೆ ಕೊಂಡವರನ್ನು ಅಲ್ಪಾವಧಿ ಸಾಲ ಮುಳುಗಿಸಿದ್ದೂ ಉಂಟು.

ಇದಕ್ಕೆ ನಿಜ ಜೀವನದ ಉದಾಹರಣೆ ಇದೆಯೇ?

ಒಂದೇ ವರ್ಷದ ಎರಡು ವ್ಯವಹಾರಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು.

2007ರಲ್ಲಿ, ಮಾರುಕಟ್ಟೆ ತುತ್ತತುದಿಯಲ್ಲಿದ್ದಾಗ, ಬ್ಲ್ಯಾಕ್‌ಸ್ಟೋನ್ ಎಂಬ ಹೂಡಿಕೆ ಸಂಸ್ಥೆಯು ಹಿಲ್ಟನ್ ಹೋಟೆಲ್ ಕಂಪನಿಯನ್ನು ಸುಮಾರು 26 ಬಿಲಿಯನ್ ಡಾಲರಿಗೆ ಕೊಂಡಿತು. ಅದರಲ್ಲಿ ಹೆಚ್ಚಿನ ಪಾಲು ಸಾಲ. ಮರುವರ್ಷ ಬಿಕ್ಕಟ್ಟು ಬಂದಾಗ ಈ ವ್ಯವಹಾರವನ್ನು ದೊಡ್ಡ ತಪ್ಪೆಂದೇ ಅನೇಕರು ತೀರ್ಮಾನಿಸಿದ್ದರು. 2010ರಲ್ಲಿ ಸಾಲ ಕೊಟ್ಟವರೊಂದಿಗೆ ಮಾತುಕತೆ ನಡೆಸಿ, ಹೊಸದಾಗಿ ಒಂದಷ್ಟು ಬಂಡವಾಳ ಹಾಕಿ, ಸಾಲದ ಒಂದು ಭಾಗವನ್ನು ರಿಯಾಯಿತಿಯಲ್ಲಿ ಮರಳಿ ಕೊಂಡು, ಉಳಿದ ಸಾಲದ ಅವಧಿಯನ್ನು ಮುಂದಕ್ಕೆ ಹಾಕಿಸಿಕೊಳ್ಳಲಾಯಿತು. 2013ರ ಡಿಸೆಂಬರಿನಲ್ಲಿ ಕಂಪನಿ ಷೇರುಪೇಟೆಗೆ ಬಂತು, 2018ರಲ್ಲಿ ಬ್ಲ್ಯಾಕ್‌ಸ್ಟೋನ್ ಪೂರ್ತಿಯಾಗಿ ಹೊರನಡೆದಾಗ ಅದರ ಲಾಭ ಸುಮಾರು 14 ಬಿಲಿಯನ್ ಡಾಲರ್.

ಅದೇ 2007ರಲ್ಲಿ ಬ್ಲ್ಯಾಕ್‌ಸ್ಟೋನ್ ತನ್ನ ಬಳಿಯಿದ್ದ ಎಕ್ಸ್‌ಟೆಂಡೆಡ್ ಸ್ಟೇ ಹೋಟೆಲುಗಳನ್ನು ಲೈಟ್‌ಸ್ಟೋನ್ ಎಂಬ ಸಂಸ್ಥೆಗೆ ಸುಮಾರು 8 ಬಿಲಿಯನ್ ಡಾಲರಿಗೆ ಮಾರಿತ್ತು. ಅಲ್ಲಿಯೂ ಬೆಲೆಯ ಬಹುಪಾಲು ಸಾಲವೇ. 2009ರ ಜೂನಿನಲ್ಲಿ ಎಕ್ಸ್‌ಟೆಂಡೆಡ್ ಸ್ಟೇ ಕಂಪನಿ ದಿವಾಳಿ ಅರ್ಜಿ ಹಾಕಿತು. 2010ರಲ್ಲಿ ಅದು ಸುಮಾರು 3.9 ಬಿಲಿಯನ್ ಡಾಲರಿಗೆ ಹೊಸ ಕೈ ಸೇರಿತು; ಕೊಂಡ ಮೂರು ಸಂಸ್ಥೆಗಳ ಕೂಟದಲ್ಲಿ, ಮೂರು ವರ್ಷಗಳ ಹಿಂದೆ ಅದನ್ನು ಮಾರಿದ್ದ ಬ್ಲ್ಯಾಕ್‌ಸ್ಟೋನ್ ಕೂಡ ಇತ್ತು.

ಇಬ್ಬರೂ ಕೊಂಡದ್ದು ತುದಿಯ ಬೆಲೆಗೇ. ಒಬ್ಬರಿಗೆ ಹೊಸ ಬಂಡವಾಳ ಹಾಕಿ ಸಮಯ ಪಡೆಯುವ ಶಕ್ತಿ ಇತ್ತು, ಇನ್ನೊಬ್ಬರಿಗೆ ಇರಲಿಲ್ಲ. ಹಿಲ್ಟನ್‌ನ ಲಾಭದಲ್ಲಿ ದೊಡ್ಡ ಪಾಲು ಕಟ್ಟಡಗಳಿಂದ ಬಂದದ್ದಲ್ಲ, ಇತರರ ಕಟ್ಟಡಗಳಿಗೆ ತನ್ನ ಹೆಸರನ್ನೂ ನಿರ್ವಹಣೆಯನ್ನೂ ಕೊಟ್ಟು ಶುಲ್ಕ ಪಡೆಯುವ ವ್ಯಾಪಾರ ಬೆಳೆದದ್ದರಿಂದ ಬಂದದ್ದು ಎಂಬುದನ್ನೂ ಇಲ್ಲಿ ಮರೆಯಬಾರದು. ಒಂದೇ ಹೋಟೆಲಿನ ಮಾಲೀಕನಿಗೆ ಆ ದಾರಿ ಇಲ್ಲ.

ಹಾಗಾದರೆ ಬೆಲೆ ತಳಮುಟ್ಟಿದಾಗ ಕೊಳ್ಳುವುದೇ ಸರಿಯಾದ ತಂತ್ರವಲ್ಲವೇ?

ತಳ ಯಾವುದೆಂದು ಗೊತ್ತಾಗುವುದು ಅದನ್ನು ದಾಟಿದ ಮೇಲೆ. ಅಲ್ಲದೆ ತಳದಲ್ಲಿ ವ್ಯವಹಾರಗಳೇ ವಿರಳ: ಮಾಲೀಕರು ಹಳೆಯ ಬೆಲೆ ಕೇಳುತ್ತಾರೆ, ಕೊಳ್ಳುವವರು ದಿವಾಳಿಯ ಬೆಲೆ ಹೇಳುತ್ತಾರೆ, ಬ್ಯಾಂಕುಗಳು ನಷ್ಟವನ್ನು ಒಪ್ಪಿಕೊಳ್ಳಲು ಇಷ್ಟಪಡದೆ ಸಾಲದ ಅವಧಿ ವಿಸ್ತರಿಸುತ್ತವೆ. ಆಗ ಕೊಳ್ಳಲು ನಗದು ಬೇಕು, ಸಾಲ ಸಿಗುವುದಿಲ್ಲ.

ಇದಕ್ಕಿಂತ ನಂಬಬಹುದಾದ ಎರಡು ಗುರುತುಗಳಿವೆ. ಅಂಥದೇ ಹೋಟೆಲನ್ನು ಇವತ್ತು ಜಾಗ ಕೊಂಡು ಹೊಸದಾಗಿ ಕಟ್ಟಲು ಎಷ್ಟಾಗುತ್ತದೆ ಎಂಬುದು ಒಂದು. ಕೇಳುತ್ತಿರುವ ಬೆಲೆ ಅದಕ್ಕಿಂತ ಬಹಳ ಕಡಿಮೆ ಇದ್ದರೆ ಹೊಸ ಸ್ಪರ್ಧಿ ಕಟ್ಟಲು ಬರುವುದಿಲ್ಲ. ಸುತ್ತಮುತ್ತ ಎಷ್ಟು ಕೊಠಡಿಗಳು ನಿರ್ಮಾಣದಲ್ಲಿವೆ ಎಂಬುದು ಇನ್ನೊಂದು. ಹೋಟೆಲ್ ಕಟ್ಟಲು ಕೆಲವು ವರ್ಷ ಬೇಕಾಗುವುದರಿಂದ ಸುಗ್ಗಿಯಲ್ಲಿ ಶುರುವಾದ ಕಟ್ಟಡಗಳು ಹಿಂಜರಿತದ ನಡುವೆ ಬಾಗಿಲು ತೆರೆಯುತ್ತವೆ. ಹಿಂಜರಿತದಲ್ಲಿ ನಿರ್ಮಾಣ ಸಾಲ ನಿಂತುಹೋಗುವುದರಿಂದ ಚೇತರಿಕೆಯ ಮೊದಲ ವರ್ಷಗಳಲ್ಲಿ ಹೊಸ ಕೊಠಡಿಗಳು ಹೆಚ್ಚಾಗಿ ಬರುವುದಿಲ್ಲ. ಅಮೆರಿಕದಲ್ಲಿ 2011ರಿಂದ 2014ರವರೆಗೆ ಕೊಠಡಿಗಳ ಸಂಖ್ಯೆ ವರ್ಷಕ್ಕೆ ಶೇ. 1ರ ಆಸುಪಾಸಿನಲ್ಲೇ ಬೆಳೆಯಿತು, ಬೇಡಿಕೆ ಅದಕ್ಕಿಂತ ವೇಗವಾಗಿ ಬೆಳೆಯಿತು. ಆ ಚೇತರಿಕೆ ದೀರ್ಘವಾಗಿ ನಡೆದದ್ದಕ್ಕೆ ಇದೊಂದು ದೊಡ್ಡ ಕಾರಣ.

ಯಾವ ಬಗೆಯ ಹೋಟೆಲ್ ಮೊದಲು ಚೇತರಿಸಿಕೊಳ್ಳುತ್ತದೆ?

ಪ್ರತಿ ಸಲವೂ ಒಂದೇ ಉತ್ತರವಿಲ್ಲ. 2009ರ ನಂತರ ದೊಡ್ಡ ನಗರಗಳ ದುಬಾರಿ ಹೋಟೆಲುಗಳು ಬೇಗ ಮೇಲೆದ್ದವು. 2020ರ ನಂತರ ಕ್ರಮ ತಿರುಗುಮುರುಗಾಯಿತು: ಕಾರಿನಲ್ಲಿ ಹೋಗಿ ತಲುಪಬಹುದಾದ ಕಡಲತೀರ, ಬೆಟ್ಟದ ತಾಣಗಳು ಮೊದಲು ತುಂಬಿದವು; ಸಮ್ಮೇಳನ ಮತ್ತು ಕಚೇರಿ ಪ್ರಯಾಣವನ್ನು ನಂಬಿದ್ದ ನಗರ ಮಧ್ಯದ ದೊಡ್ಡ ಹೋಟೆಲುಗಳು ಕೊನೆಗೆ. ವಾರಗಟ್ಟಲೆ ತಂಗುವವರಿಗಾಗಿ ಅಡುಗೆ ಸೌಕರ್ಯದೊಂದಿಗೆ ಕಟ್ಟಿದ ಹೋಟೆಲುಗಳು ಕಡಿಮೆ ಸಿಬ್ಬಂದಿಯಲ್ಲಿ ನಡೆಯುವುದರಿಂದ, ಮತ್ತು ಕೆಲಸದ ಮೇಲೆ ಬಂದವರು ಅಲ್ಲಿ ಉಳಿಯುವುದರಿಂದ, ಕುಸಿತವನ್ನು ಉಳಿದವುಗಳಿಗಿಂತ ಚೆನ್ನಾಗಿ ತಾಳಿಕೊಂಡವು.

ಹೆಸರಾಂತ ಬ್ರ್ಯಾಂಡಿನ ನಿರ್ವಹಣಾ ಕರಾರು ಹೂಡಿಕೆದಾರನನ್ನು ಕಾಪಾಡುತ್ತದೆಯೇ?

ಅತಿಥಿಗಳನ್ನು ತರುತ್ತದೆ, ನಷ್ಟದಿಂದ ಕಾಪಾಡುವುದಿಲ್ಲ. ದೊಡ್ಡ ಬ್ರ್ಯಾಂಡುಗಳ ಹೆಚ್ಚಿನ ಹೋಟೆಲುಗಳ ಕಟ್ಟಡ ಬೇರೆಯವರದು. ಮ್ಯಾರಿಯಟ್ ಕಂಪನಿ 1993ರಲ್ಲೇ ಎರಡಾಗಿ ಒಡೆದು, ನಿರ್ವಹಣೆ ಒಂದು ಕಂಪನಿಗೆ, ಕಟ್ಟಡಗಳೂ ಬಹುಪಾಲು ಸಾಲವೂ ಇನ್ನೊಂದಕ್ಕೆ ಹೋದವು. ಯಾವ ಕಡೆ ಅಪಾಯ ಹೆಚ್ಚು ಎಂಬುದು ಆ ಹಂಚಿಕೆಯಲ್ಲೇ ಗೊತ್ತಾಗುತ್ತದೆ.

ನಿರ್ವಾಹಕರಿಗೆ ಮೂಲ ಶುಲ್ಕ ಸಿಗುವುದು ಒಟ್ಟು ಆದಾಯದ ಮೇಲೆ, ಸಾಮಾನ್ಯವಾಗಿ ಶೇ. 2ರಿಂದ 4. ಹೋಟೆಲ್ ನಷ್ಟದಲ್ಲಿದ್ದರೂ ಅದು ಸಲ್ಲಬೇಕು. ಲಾಭದ ಮೇಲಿನ ಪ್ರೋತ್ಸಾಹಕ ಶುಲ್ಕ ಬೇರೆ. ಕರಾರು ಓದುವಾಗ ಪ್ರೋತ್ಸಾಹಕ ಶುಲ್ಕವು ಮಾಲೀಕನ ಕನಿಷ್ಠ ಪ್ರತಿಫಲದ ನಂತರ ಬರುತ್ತದೆಯೇ, ಸಾಧನೆ ಕಳಪೆಯಾದರೆ ಕರಾರು ಮುರಿಯಲು ಅವಕಾಶವಿದೆಯೇ, ಆಸ್ತಿ ಮಾರಿದರೆ ಹೊಸ ಮಾಲೀಕನೂ ಅದೇ ಕರಾರಿಗೆ ಬದ್ಧನೇ ಎಂಬುದನ್ನು ವಕೀಲರ ಜೊತೆ ಕೂತು ನೋಡಬೇಕು. ದಶಕಗಳ ಅವಧಿಯ, ಮುರಿಯಲಾಗದ ಕರಾರು ಅಂಟಿಕೊಂಡಿರುವ ಹೋಟೆಲ್ ಹಿಂಜರಿತದಲ್ಲಿ ಮಾರಲು ಕಷ್ಟ.

ನವೀಕರಣದ ಖರ್ಚನ್ನು ಕೆಟ್ಟ ವರ್ಷಗಳಲ್ಲಿ ಮುಂದೂಡಬಹುದೇ?

ಎಲ್ಲರೂ ಮುಂದೂಡುತ್ತಾರೆ. ಹಾಸಿಗೆ, ಪೀಠೋಪಕರಣ, ಹವಾನಿಯಂತ್ರಕ, ಲಿಫ್ಟುಗಳಿಗಾಗಿ ಆದಾಯದ ಶೇ. 4ರಷ್ಟನ್ನು ತೆಗೆದಿಡುವುದು ಉದ್ಯಮದ ರೂಢಿ. ಹಳೆಯ ಕಟ್ಟಡಕ್ಕೆ ಅದೂ ಸಾಲದು. ನಮ್ಮ ಉದಾಹರಣೆಯಲ್ಲಿ 80ರ ಆದಾಯಕ್ಕೆ ಈ ನಿಧಿ 3.2. ಅದನ್ನು 15ರಿಂದ ಕಳೆದರೆ 11.8 ಉಳಿಯುತ್ತದೆ, ಶೇ. 40ರ ಸಾಲದ ಬಡ್ಡಿ 12 ಎಂದಿದ್ದೆವು. ಸುರಕ್ಷಿತವೆನಿಸಿದ ಹೋಟೆಲೂ ಕೂದಲೆಳೆಯಷ್ಟು ಕೊರತೆಗೆ ಬಿತ್ತು. ಮೊದಲು ಕೈ ಹಾಕುವುದು ಈ ನಿಧಿಗೇ ಏಕೆ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಕೊಳ್ಳುವವರ ಕಡೆಯಿಂದ ನೋಡಿದರೆ, ಹಿಂಜರಿತದಲ್ಲಿ ಅಗ್ಗವಾಗಿ ಸಿಕ್ಕ ಹೋಟೆಲಿನೊಳಗೆ ಮೂರು-ನಾಲ್ಕು ವರ್ಷಗಳ ಬಾಕಿ ನವೀಕರಣ ಅಡಗಿರುತ್ತದೆ. ಮಾಲೀಕತ್ವ ಬದಲಾದಾಗ ಬ್ರ್ಯಾಂಡಿನವರು ತಮ್ಮ ಮಟ್ಟಕ್ಕೆ ತರಬೇಕಾದ ಕೆಲಸಗಳ ಪಟ್ಟಿಯನ್ನು ಕೈಗಿಡುತ್ತಾರೆ. ಆ ಪಟ್ಟಿಯ ಮೊತ್ತವನ್ನು ಖರೀದಿ ಬೆಲೆಗೆ ಸೇರಿಸಿದ ಮೇಲೆಯೇ ಅಗ್ಗವೋ ಅಲ್ಲವೋ ಎಂದು ಹೇಳಲು ಸಾಧ್ಯ.

ಇಡೀ ಹೋಟೆಲ್ ಕೊಳ್ಳುವಷ್ಟು ಹಣವಿಲ್ಲದವರು ರೀಟ್‌ಗಳ ಮೂಲಕ ಹೂಡಬಹುದೇ?

ರೀಟ್ ಎಂದರೆ ಹಲವು ಹೂಡಿಕೆದಾರರ ಹಣದಿಂದ ಕಟ್ಟಡಗಳನ್ನು ಕೊಂಡು, ಅವುಗಳ ಆದಾಯವನ್ನು ಹೂಡಿಕೆದಾರರಿಗೆ ಹಂಚುವ ಸಂಸ್ಥೆ. ಅಮೆರಿಕ, ಜಪಾನ್, ಸಿಂಗಾಪುರದ ಷೇರುಪೇಟೆಗಳಲ್ಲಿ ಹೋಟೆಲ್ ರೀಟ್‌ಗಳಿವೆ. ಬೇಕಾದಾಗ ಮಾರಬಹುದು, ಹಲವು ಊರುಗಳ ಹೋಟೆಲುಗಳಲ್ಲಿ ಹಣ ಹಂಚಿಹೋಗುತ್ತದೆ. ಆದರೆ ಅಮೆರಿಕದ ನಿಯಮದಂತೆ ತೆರಿಗೆಗೆ ಒಳಪಡುವ ಆದಾಯದ ಕನಿಷ್ಠ ಶೇ. 90ನ್ನು ಹಂಚಬೇಕಾದ್ದರಿಂದ ಒಳ್ಳೆಯ ಕಾಲದಲ್ಲಿ ಹಣ ಕೂಡಿಡಲು ಅವುಗಳಿಗೆ ಹೆಚ್ಚು ಅವಕಾಶವಿಲ್ಲ, ಕೆಟ್ಟ ಕಾಲದಲ್ಲಿ ಲಾಭಾಂಶ ನಿಲ್ಲಿಸುತ್ತವೆ. 2020ರಲ್ಲಿ ಹಾಗೆಯೇ ಆಯಿತು. ತಿಂಗಳ ಖರ್ಚಿಗೆ ಲಾಭಾಂಶವನ್ನು ನಂಬುವ ನಿವೃತ್ತರಿಗೆ ಇವು ತಕ್ಕುದಲ್ಲ. ಷೇರಿನ ಬೆಲೆ ಹೋಟೆಲುಗಳ ಆದಾಯಕ್ಕಿಂತ ತಿಂಗಳುಗಳಷ್ಟು ಮುಂಚೆಯೇ ಬೀಳುತ್ತದೆ, ಮುಂಚೆಯೇ ಏಳುತ್ತದೆ. ಆದಾಯ ಸುಧಾರಿಸಿದ ಸುದ್ದಿ ಓದಿ ಕೊಳ್ಳುವವರು ತಡವಾಗಿರುತ್ತಾರೆ.

ಹಣದುಬ್ಬರದ ಕಾಲದಲ್ಲಿ ಹೋಟೆಲ್ ಒಳ್ಳೆಯ ಆಸರೆ ಎನ್ನುವುದು ನಿಜವೇ?

ಅರ್ಧ ನಿಜ. ದರವನ್ನು ದಿನವೂ ಬದಲಿಸಬಹುದು ಎಂಬುದು ಸರಿ, ಆದರೆ ಸಂಬಳ, ವಿಮೆ, ವಿದ್ಯುತ್ತಿನ ಖರ್ಚೂ ಏರುತ್ತವೆ. ಹಣದುಬ್ಬರದ ಹಿಂದೆಯೇ ಬಡ್ಡಿದರ ಏರಿದರೆ, ಬದಲಾಗುವ ಬಡ್ಡಿಯ ಸಾಲವಿರುವ ಮಾಲೀಕನಿಗೆ ಹೆಚ್ಚಿದ ದರದ ಲಾಭ ಉಳಿಯುವುದಿಲ್ಲ.

ನಷ್ಟದ ಹೋಟೆಲನ್ನು ಹಿಡಿದುಕೊಂಡಿರಬೇಕೇ, ಬಿಟ್ಟುಬಿಡಬೇಕೇ?

ಕಷ್ಟ ಇಡೀ ದೇಶದ್ದೋ, ಆ ಜಾಗದ್ದೋ ಎಂದು ಮೊದಲು ಬೇರ್ಪಡಿಸಬೇಕು. ದೇಶದ್ದಾದರೆ, ಬಡ್ಡಿ ಕಟ್ಟುವ ಶಕ್ತಿ ಇರುವ ತನಕ ಕಾಯುವುದಕ್ಕೆ ಅರ್ಥವಿದೆ. ಸುತ್ತಲಿನ ಮಾರುಕಟ್ಟೆಗಳು ಮೇಲೆದ್ದ ಮೇಲೂ ಆ ಒಂದು ಜಾಗ ಏಳದಿದ್ದರೆ ಕಾಯುವುದು ಕೇವಲ ಹಟ.

2023ರ ಜೂನಿನಲ್ಲಿ ಪಾರ್ಕ್ ಹೋಟೆಲ್ಸ್ ಎಂಬ ರೀಟ್, ಸ್ಯಾನ್ ಫ್ರಾನ್ಸಿಸ್ಕೋ ನಗರದ ತನ್ನ ಎರಡು ಹೋಟೆಲುಗಳ ಮೇಲಿದ್ದ 725 ಮಿಲಿಯನ್ ಡಾಲರ್ ಸಾಲದ ಕಂತು ಕಟ್ಟುವುದನ್ನು ನಿಲ್ಲಿಸಿತು. ಎರಡೂ ಸೇರಿ ಸುಮಾರು 2,900 ಕೊಠಡಿಗಳು. ಕಂಪನಿ ದಿವಾಳಿಯಾಗಿರಲಿಲ್ಲ, ಹಣವಿರಲಿಲ್ಲವೆಂದಲ್ಲ. ಆ ನಗರದ ಸಮ್ಮೇಳನ ಮತ್ತು ಕಚೇರಿ ಪ್ರಯಾಣ ಮರಳಲು ಬಹುಕಾಲ ಬೇಕೆಂದು ಲೆಕ್ಕ ಹಾಕಿ, ಬೇರೆ ಊರುಗಳ ತನ್ನ ಹೋಟೆಲುಗಳಿಗೆ ಆ ಹಣವನ್ನು ಉಳಿಸಿಕೊಂಡಿತು. ಸಾಲವು ಆ ಎರಡು ಕಟ್ಟಡಗಳ ಮೇಲೆ ಮಾತ್ರ ಭದ್ರತೆ ಹೊಂದಿದ್ದರಿಂದ ಇದು ಸಾಧ್ಯವಾಯಿತು. ಮಾಲೀಕರು ಸ್ವಂತ ಜಾಮೀನಿಗೆ ಸಹಿ ಹಾಕಿದ್ದರೆ ಈ ಬಾಗಿಲು ತೆರೆದಿರುವುದಿಲ್ಲ. ಆದ್ದರಿಂದ ಹೊರಬರುವ ಪ್ರಶ್ನೆಗೆ ಉತ್ತರ ಎಷ್ಟೋ ವರ್ಷ ಮೊದಲು, ಸಾಲಪತ್ರಕ್ಕೆ ಸಹಿ ಹಾಕುವ ದಿನವೇ ನಿಶ್ಚಯವಾಗಿರುತ್ತದೆ.

ಕೊಳ್ಳುವ ಮೊದಲು ಮಾರಾಟಗಾರರಿಂದ ಯಾವ ದಾಖಲೆಗಳನ್ನು ಕೇಳಬೇಕು?

ಕಳೆದ ಮೂರು ವರ್ಷಗಳದ್ದಷ್ಟೇ ಅಲ್ಲ, ಹಿಂದಿನ ಹಿಂಜರಿತದ ವರ್ಷವೂ ಸೇರುವಂತೆ ತಿಂಗಳುವಾರು ಆದಾಯ-ವೆಚ್ಚದ ಲೆಕ್ಕ; ಅಕ್ಕಪಕ್ಕದ ಸ್ಪರ್ಧಿಗಳೊಂದಿಗೆ ಹೋಲಿಸಿದ ರೆವ್‌ಪಾರ್ ವರದಿ; ನಿರ್ವಹಣೆ ಅಥವಾ ಫ್ರಾಂಚೈಸಿ ಕರಾರಿನ ಪೂರ್ಣ ಪ್ರತಿ; ಬ್ರ್ಯಾಂಡಿನ ಇತ್ತೀಚಿನ ತಪಾಸಣಾ ಟಿಪ್ಪಣಿ; ನೌಕರರ ಬಾಕಿಗಳು; ಜಮೀನು ಸ್ವಂತದ್ದೋ ಗುತ್ತಿಗೆಯದೋ, ಗುತ್ತಿಗೆಯಾದರೆ ಎಷ್ಟು ವರ್ಷ ಉಳಿದಿದೆ ಎಂಬ ಪತ್ರ. ಹಿಂಜರಿತದ ವರ್ಷದ ಲೆಕ್ಕವನ್ನು ಕೊಡಲು ಮಾರಾಟಗಾರರು ಹಿಂಜರಿದರೆ, ಕೇಳಬೇಕಾಗಿದ್ದ ಮುಖ್ಯ ಕಾಗದ ಅದೇ ಆಗಿತ್ತೆಂದು ತಿಳಿಯಬಹುದು.